ರೇಡಿಯೊ ಬಾಯಿ ಮುಚ್ಚಿದ ವಾರ

ಬಸ್ ಡಿಪೊದ ಎದುರು ಸಾಲಿನಲ್ಲಿ, ದರ್ಜಿಯ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ ಇರುಕಿಕೊಂಡಂತೆ ಒಂದು ಕಟಿಂಗ್ ಶಾಪ್ ಇದೆ. ಅದರ ಯಜಮಾನನಿಗೆ ಹೆತ್ತವರು ಇಟ್ಟ ಹೆಸರು ಒಂದಿರಬೇಕು, ಆದರೆ ಊರಿಗೆಲ್ಲ ಅವನು ರೇಡಿಯೊ. ಬೆಳಿಗ್ಗೆ ಶಟರ್ ಎತ್ತುವಾಗ ತೆರೆದ ಬಾಯಿ ಸಂಜೆ ಶಟರ್ ಇಳಿಸುವಾಗಲೇ ಮುಚ್ಚುವುದು. ಆ ಮಾತಿನಲ್ಲಿ ಮುಕ್ಕಾಲು ಪಾಲು ಫುಟ್‌ಬಾಲು, ಉಳಿದ ಕಾಲು ಪಾಲು ಫುಟ್‌ಬಾಲ್ ನೋಡದವರಿಗೆ ಬೈಗುಳ. ಕಿವಿಗೆಲ್ಲಿ ಕತ್ತರಿ ತಾಗೀತೋ ಎಂದು ಗಿರಾಕಿಗಳು ಅಲ್ಲಾಡದೆ ಕೂರುತ್ತಿದ್ದರು. ತನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳುತ್ತಾರೆಂದು ಅವನು ತಿಳಿದುಕೊಂಡಿದ್ದ.

ಇಂಥ ರೇಡಿಯೊ, ಡಿಪೊ ತಂಡ ಫೈನಲ್ ಸೋತ ಮರುದಿನ, ಶಟರ್ ಎತ್ತಿದ, ಬಾಯಿ ತೆರೆಯಲಿಲ್ಲ.

ಡಿಪೊ ತಂಡವೆಂದರೆ ಏನೆಂದು ಹೇಳಬೇಕು. ಮೆಕ್ಯಾನಿಕ್ಕುಗಳು, ಕಂಡಕ್ಟರುಗಳು, ಬಸ್ಸು ತೊಳೆಯುವವರು ಸೇರಿ ಕಟ್ಟಿಕೊಂಡ ತಂಡ. ಬಸ್ಸು ತೊಳೆದ ನೀರು ಹರಿದು ಅರ್ಧ ಕೆಸರಾದ ಮೈದಾನದಲ್ಲಿ ಡ್ಯೂಟಿ ಮುಗಿಸಿ ಆಡುತ್ತಿದ್ದರು. ಕಪ್ ಪಂದ್ಯಾವಳಿಯಲ್ಲಿ ಮೊದಲ ಸುತ್ತು ದಾಟಿದರೆ ಅದೇ ದೊಡ್ಡದು ಎಂದುಕೊಂಡಿದ್ದವರು ಈ ವರ್ಷ ಗೆದ್ದರು, ಮತ್ತೆ ಗೆದ್ದರು, ಮತ್ತೂ ಗೆದ್ದು ಫೈನಲ್‌ಗೇ ಹೋಗಿ ನಿಂತರು. ಎದುರಾಳಿ ರಾಜಧಾನಿಯ ದೊಡ್ಡ ಕ್ಲಬ್ಬು. ಅವರ ಆಟಗಾರರ ಬೂಟಿನ ಬೆಲೆಗೆ ನಮ್ಮವರ ಇಡೀ ತಂಡಕ್ಕೆ ಬಟ್ಟೆ ಹೊಲಿಸಬಹುದಿತ್ತು. ಊರಿಗೆ ಊರೇ ಡಿಪೊದ ಬಸ್ಸುಗಳಲ್ಲಿ ತುಂಬಿಕೊಂಡು ಹೊರಟಿತು. ಮೊದಲ ಬಸ್ಸಿನ ಮುಂದಿನ ಬಾಗಿಲಲ್ಲಿ ನೀಲಿ ಬಾವುಟ ಹಿಡಿದು ನಿಂತವನು ರೇಡಿಯೊ. ಆ ಬಾವುಟ ಹಿಡಿಯುವ ಹಕ್ಕು ಅವನದು. ಅದಕ್ಕೆ ಬೇರೆ ಯಾರಾದರೂ ಕೈ ಹಾಕಿದ್ದರೆ ಜಗಳವೇ ಆಗುತ್ತಿತ್ತು.

ಆಟ ಮುಗಿಯುವ ಹೊತ್ತಿನವರೆಗೂ ಯಾರೂ ಗೋಲು ಹೊಡೆಯಲಿಲ್ಲ. ಆಮೇಲೆ ಅವರ ಕಡೆಯ ಒಬ್ಬ ದೂರದಿಂದ ಸುಮ್ಮನೆ ಒದ್ದಂತೆ ಒಂದು ಚೆಂಡು ಒದ್ದ. ಚೆಂಡು ಬಂದದ್ದೂ ಮೆಲ್ಲಗೆ. ನಮ್ಮ ಗೋಲ್‌ಕೀಪರ್ ಎಡಕ್ಕೆ ಹಾರಿ ಏನನ್ನೋ ತಬ್ಬಿಕೊಂಡು ಬಿದ್ದ. ಚೆಂಡು ಅವನ ಬಲಗಡೆಯಿಂದ ಉರುಳಿಕೊಂಡು ಬಲೆಗೆ ಹೋಯಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಂಡಸರೆಲ್ಲ ಮಕ್ಕಳಂತೆ ಅತ್ತರು. ರೇಡಿಯೊಗೆ ಅಳು ಬರಲಿಲ್ಲ. ಬಾವುಟ ಸುತ್ತಿ ಕಾಲಸಂದಿಯಲ್ಲಿ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತ. ಅಳುವಿನ ಜಾಗದಲ್ಲಿ ಅವನಿಗೆ ಬೇರೆಯೊಂದು ಸಿಕ್ಕಿಹಾಕಿಕೊಂಡಿತ್ತು. ಅದು ಅನುಮಾನ. ಮೀನಿನ ಮುಳ್ಳಿನಂತೆ ಗಂಟಲಲ್ಲಿ ಅಡ್ಡ ನಿಂತು, ನುಂಗಿದರೂ ಹೋಗದು, ಕೆಮ್ಮಿದರೂ ಬಾರದು.

ಏಕೆಂದರೆ ಆ ಗೋಲ್‌ಕೀಪರ್ ಅವನ ಸ್ವಂತ ತಂಗಿಯ ಗಂಡ.

ಡಿಪೊದಲ್ಲಿ ಟೈರ್ ಬದಲಿಸುವ ಕೆಲಸದವನು. ಕೈಗೆ ಸಿಕ್ಕ ಚೆಂಡು ಜಾರುವುದಿಲ್ಲವೆಂದು ಊರವರು ಅವನಿಗೆ ಅಂಟು ಎಂದು ಹೆಸರಿಟ್ಟಿದ್ದರು. ಅವನನ್ನು ತಂಗಿಗೆ ತಂದುಕೊಂಡವನೂ ರೇಡಿಯೊನೇ. ಹುಡುಗ ಹೇಗೆ ಎಂದು ನೆಂಟರು ಕೇಳಿದ್ದಕ್ಕೆ, "ಪೆನಾಲ್ಟಿ ಹಿಡೀತಾನೆ, ಸಂಸಾರ ಹಿಡಿಯಲ್ವಾ?" ಎಂದಿದ್ದ. ತಂದೆತಾಯಿ ಬೇಗ ಹೋದದ್ದರಿಂದ ಆ ತಂಗಿಯನ್ನು ಸಾಕಿ ಬೆಳೆಸಿದವನು ಅವನು. ಜಡೆ ಹೆಣೆದದ್ದು, ಹಣೆಯ ಮೇಲಿನ ಕೂದಲು ಕತ್ತರಿಸಿದ್ದು ಎಲ್ಲ ಇದೇ ಅಂಗಡಿಯ ಇದೇ ಕುರ್ಚಿಯಲ್ಲಿ.

ಈಗ ಅನುಮಾನಕ್ಕೆ ಬರೋಣ. ಅಂಟು ಪ್ರತಿ ಮ್ಯಾಚಿಗೆ ಮುಂಚೆ ಬಂದು ರೇಡಿಯೊನ ಕೈಯಲ್ಲಿ ತಲೆ ಮಾಡಿಸಿಕೊಳ್ಳಬೇಕು. ಕತ್ತರಿಸಲು ಕೂದಲಿಲ್ಲದಿದ್ದರೂ ಸುಮ್ಮನೆ ಕತ್ತರಿ ಆಡಿಸಬೇಕು. ಕೊನೆಗೆ ರೇಡಿಯೊ ಟವೆಲಿನಿಂದ ಅವನ ಕತ್ತಿನ ಹಿಂದೆ ಪಟಾರನೆ ಒಂದು ಬಿಟ್ಟು, "ಹೋಗು, ಏನೂ ಬಿಡಬೇಡ" ಎನ್ನಬೇಕು. ಮೊದಲ ಸುತ್ತಿನಿಂದ ಹೀಗೇ ನಡೆದುಕೊಂಡು ಬಂದಿತ್ತು. ಗೆಲುವಿನಲ್ಲಿ ಅರ್ಧ ಪಾಲು ತನ್ನ ಟವೆಲಿನದೆಂದು ರೇಡಿಯೊ ನಂಬಿದ್ದ, ಗಿರಾಕಿಗಳನ್ನೂ ನಂಬಿಸಿದ್ದ.

ಫೈನಲ್ ಹಿಂದಿನ ದಿನ ಅಂಟು ಬರಲಿಲ್ಲ. ರೇಡಿಯೊ ಕುರ್ಚಿ ಒರೆಸಿಟ್ಟುಕೊಂಡು ಕಾದ. ಕೊನೆಗೆ ತಂಗಿಯ ಫೋನು ಬಂತು. "ಅಣ್ಣ, ಅವರಿಗೆ ಸುಸ್ತಂತೆ. ಈ ಸಲ ಬೇಡ ಅಂದ್ರು." ಅಷ್ಟು ಹೇಳಿ ಇಟ್ಟುಬಿಟ್ಟಳು. ರೇಡಿಯೊಗೆ ಮುಖಕ್ಕೆ ಹೊಡೆದ ಹಾಗಾಯಿತು. ಈ ಅವಮಾನ ಹೊರಗೆ ಗೊತ್ತಾಗಬಾರದೆಂದು ಅಂಗಡಿಗೆ ಬಂದವರಿಗೆಲ್ಲ, "ಈ ಸಲ ನಾನೇ ಅವರ ಮನೆಗೆ ಹೋಗಿ ತಲೆ ಮಾಡಿ ಬಂದೆ" ಎಂದು ಸುಳ್ಳು ಹೇಳಿದ. ಮರುದಿನ ಮೈದಾನಕ್ಕೆ ಅಂಟು ಟೋಪಿ ಹಾಕಿಕೊಂಡು ಇಳಿದ. ಬಿಸಿಲಿಗೆ ಕೀಪರುಗಳು ಟೋಪಿ ಹಾಕುವುದುಂಟು, ಆದರೆ ಅಂಟು ಎಂದೂ ಹಾಕಿದವನಲ್ಲ.

ಇದನ್ನೆಲ್ಲ ರೇಡಿಯೊ ಒಂದರ ಪಕ್ಕ ಒಂದು ಇಟ್ಟು ನೋಡಿದ. ಅಂಟು ಕನ್ನಡಿಯಲ್ಲಿ ನನ್ನ ಮುಖ ನೋಡಲು ಆಗದೆ ತಪ್ಪಿಸಿಕೊಂಡ. ಜನ ಕಣ್ಣು ನೋಡಬಾರದೆಂದು ಟೋಪಿ ಹಾಕಿಕೊಂಡ. ಅಂಥ ಸಪ್ಪೆ ಚೆಂಡನ್ನು ಬಿಟ್ಟ. ಇನ್ನೇನು ಬೇಕು?

ಅನುಮಾನ ಒಮ್ಮೆ ಒಳಗೆ ಬಂತೆಂದರೆ ಅದಕ್ಕೆ ಊಟ ಹುಡುಕುವ ಕೆಲಸ ನಮ್ಮದಾಗುತ್ತದೆ. ರೇಡಿಯೊ ತನ್ನ ರಜೆಯ ದಿನ ತಂಗಿಯ ಮನೆಗೆ ಹೊರಟ. ಬೀದಿಯ ತಿರುವಿನಲ್ಲೇ ಅವನಿಗೆ ಒಂದು ತುತ್ತು ಸಿಕ್ಕಿತು. ಅವಳ ಮನೆಯ ಮುಂದಿನಿಂದ ಒಂದು ಬಿಳಿ ಕಾರು ಹೊರಟಿತು. ಈ ಊರಿನ ಕಾರಲ್ಲ. ಒಳಗೆ ಶರ್ಟನ್ನು ಇಸ್ತ್ರಿ ಮಾಡಿ ಹಾಕಿಕೊಂಡ ಒಬ್ಬ, ಮಡಿಲಲ್ಲಿ ಒಂದು ಕಪ್ಪು ಬ್ಯಾಗು. ಬ್ಯಾಗಿನಲ್ಲಿ ಏನಿರಬಹುದೆಂದು ರೇಡಿಯೊಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಾಗಿಲು ತಟ್ಟಿದ. ಎಷ್ಟೋ ಹೊತ್ತಿನ ಮೇಲೆ ತಂಗಿ ತೆರೆದಳು, ಅದೂ ಅರ್ಧ.

"ಅಣ್ಣ, ಇವತ್ತಾ? ಫೋನ್ ಮಾಡಿ ಬರೋದಲ್ವಾ?"

"ತಂಗಿ ಮನೆಗೆ ಬರೋಕೆ ಟಿಕೆಟ್ ತಗೋಬೇಕಾ?"

ಅವಳು ನಗಲಿಲ್ಲ. ಕಣ್ಣು ಊದಿಕೊಂಡಿತ್ತು. ಒಳಗೆ ಬಂದರೆ ಹಾಡಹಗಲು ಕೋಣೆಯ ಪರದೆಯೆಲ್ಲ ಎಳೆದು ಕತ್ತಲೆ ಮಾಡಿದ್ದರು. ಕೋಣೆಯಲ್ಲಿ ಅಂಟು ಗೋಡೆಗೆ ಮುಖ ಮಾಡಿ ಮಲಗಿದ್ದ. ಮನೆಯೊಳಗೂ, ಹಾಸಿಗೆಯ ಮೇಲೂ ತಲೆಗೆ ಟೋಪಿ.

"ಹುಷಾರಿಲ್ವಾ?"

"ಬೆಳಕು ಆಗಲ್ಲ ಅಂತಾರೆ. ಮಲಗಲಿ ಬಿಡು."

ಬೆಳಕು ಆಗುವುದಿಲ್ಲವಂತೆ. ಮಾಡಬಾರದ್ದು ಮಾಡಿದವನಿಗೆ ಬೆಳಕು ಹೇಗಾದೀತು ಎಂದು ಮನಸ್ಸಿನಲ್ಲೇ ಅಂದುಕೊಂಡು ರೇಡಿಯೊ ಅಡುಗೆಮನೆಗೆ ನಡೆದ. ಅಲ್ಲಿ ಅವನ ಕಣ್ಣಿಗೆ ದೊಡ್ಡದೇ ಬಿತ್ತು. ಒಲೆಯ ಮೇಲಿನ ಗೋಡೆಗೆ ಇದ್ದ ಕಪಾಟಿಗೆ ಬಾಗಿಲೇ ಇರಲಿಲ್ಲ. ಕೀಲುಗಳು ಮಾತ್ರ ಬೋಳಾಗಿ ನಿಂತಿದ್ದವು, ಡಬ್ಬಿಗಳೆಲ್ಲ ಬಯಲಾಗಿ ಕಾಣುತ್ತಿದ್ದವು. ತಂಗಿ ಸರಕ್ಕನೆ ಬಂದು ಅವನಿಗೂ ಕಪಾಟಿಗೂ ನಡುವೆ ನಿಂತಳು.

"ಬಾಗಿಲೆಲ್ಲಿ?"

"ತೆಗೆಸಿದ್ವಿ."

"ಯಾಕೆ? ಹೊಸದು ಹಾಕಿಸ್ತೀರಾ?"

"ನೋಡೋಣ," ಎಂದಳು, ಬೇರೆ ಕಡೆ ನೋಡುತ್ತ. ಚಹಾ ಮಾಡಲೂ ಇಲ್ಲ, ಕೂರು ಎನ್ನಲೂ ಇಲ್ಲ. ತಾನು ಜಡೆ ಹಾಕಿ ಬೆಳೆಸಿದ ಹುಡುಗಿ, ಗುರುತಿಲ್ಲದವನ ಮುಂದೆ ನಿಂತಂತೆ ಸೆರಗು ಹಿಂಡುತ್ತ ನಿಂತಿದ್ದಳು. ರೇಡಿಯೊ ಲೆಕ್ಕ ಹಾಕಿದ. ಅಡುಗೆಮನೆಯನ್ನು ಹೊಸದು ಮಾಡಿಸುತ್ತಿದ್ದಾರೆ! ಟೈರ್ ಬದಲಿಸುವವನ ಸಂಬಳದಲ್ಲಿ! ಅಂದರೆ ಇವಳಿಗೂ ಗೊತ್ತು. ಗೊತ್ತಿದ್ದೂ ನನಗೆ ಹೇಳಲಿಲ್ಲ. ಬಂದ ದಾರಿಯಲ್ಲೇ ತಿರುಗಿ ನಡೆದ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಅದರಲ್ಲಿ ಕಪ್ಪಿಗಾಗಿ ಉರಿದದ್ದೆಷ್ಟು, ತಂಗಿಗಾಗಿ ಉರಿದದ್ದೆಷ್ಟು ಎಂದು ಅವನಿಗೇ ತಿಳಿಯಲಿಲ್ಲ.

ಇಷ್ಟಾದರೂ ಅವನು ಯಾರ ಮುಂದೆಯೂ ಒಂದು ಮಾತು ಆಡಲಿಲ್ಲ. ಅದನ್ನು ಅವನ ದೊಡ್ಡತನ ಎಂದು ನೀವು ತಿಳಿದರೆ, ಅವನೂ ಹಾಗೆಯೇ ತಿಳಿದಿದ್ದ.

ಆದರೆ ನಡೆದದ್ದೇ ಬೇರೆ. ನಿವೃತ್ತ ಡ್ರೈವರ್ ಒಬ್ಬನಿದ್ದ. ಸ್ಟೇರಿಂಗ್ ಬಿಟ್ಟ ಮೇಲೆ ಅವನಿಗೆ ಉಳಿದ ಕೆಲಸವೆಂದರೆ ಈ ಅಂಗಡಿಯ ಬೆಂಚಿನ ಮೇಲೆ ಕೂತು ಪೇಪರ್ ಓದುವುದು. ಅವನೇ ಮೊದಲು ಗಾಳಿಗೆ ಒಂದು ಮಾತು ಬಿಟ್ಟ.

"ಅಂಟು ಕೈಯಿಂದ ಆ ಚೆಂಡು ತಪ್ಪತ್ತಾ? ಯಾರೋ ಕೈ ಬೆಚ್ಚಗೆ ಮಾಡಿದ್ದಾರೆ ಅಂತಾರಪ್ಪ ಜನ. ನಿಜಾನಾ ರೇಡಿಯೊ?"

ಅಂಗಡಿಯೆಲ್ಲ ಕಿವಿ ನೆಟ್ಟಗೆ ಮಾಡಿತು. ಈ ಮಾತಿಗೆ ರೇಡಿಯೊ ಕತ್ತರಿ ಎತ್ತಿ ಕುಣಿಯಬೇಕಿತ್ತು, ಡ್ರೈವರನ ವಂಶವನ್ನೆಲ್ಲ ಜಾಲಾಡಬೇಕಿತ್ತು. ಅವನ ಕತ್ತರಿ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಕಚಕಚ ಎನ್ನತೊಡಗಿತು. ಅಷ್ಟೇ.

ಅಷ್ಟು ಸಾಕಾಯಿತು. ಸ್ವಂತ ಭಾವನೇ ಬಾಯಿ ಬಿಡುತ್ತಿಲ್ಲವೆಂದರೆ ಇನ್ನು ಕೇಳುವುದೇನಿದೆ ಎಂದು ಡ್ರೈವರ್ ಚಹಾ ಅಂಗಡಿಯಲ್ಲಿ ಹೇಳಿದ, ಚಹಾ ಅಂಗಡಿ ಡಿಪೊಗೆ ಹೇಳಿತು, ಡಿಪೊದಿಂದ ಹೊರಟ ಬಸ್ಸುಗಳು ಊರಿಗೆಲ್ಲ ಹೊತ್ತುಕೊಂಡು ಹೋದವು. ಅಂಟು ಕೆಲಸಕ್ಕೆ ಬಂದ ದಿನ ಅವನ ಟೈರುಗಳ ಮೇಲೆ ಯಾರೋ ಸೀಮೆಸುಣ್ಣದಲ್ಲಿ 'ಮಾರಾಟಕ್ಕಿದೆ' ಎಂದು ಬರೆದಿದ್ದರು. ವಾರ ಮುಗಿಯುವ ಮುಂಚೆ ಡಿಪೊ ತಂಡದ ಕಾರ್ಯದರ್ಶಿ ಮೀಸೆ ಸರಿ ಮಾಡಿಸಿಕೊಳ್ಳಲು ಬಂದ.

"ಭಾನುವಾರ ಸಭೆ ಕರೆದಿದ್ದೀವಿ," ಎಂದ ಕನ್ನಡಿಯಲ್ಲಿ ರೇಡಿಯೊನ ಮುಖ ನೋಡುತ್ತ. "ಅಂಟು ಅವತ್ತು ಬಂದು ಉತ್ತರ ಹೇಳಬೇಕು. ಇಲ್ಲಾಂದ್ರೆ ತಂಡದಿಂದ ತೆಗೀತೀವಿ. ನೀನು ಮನೆಯವನು, ನಿನಗೆ ಗೊತ್ತಿರುತ್ತೆ. ಏನಾದ್ರೂ ಹೇಳೋದಿದ್ಯಾ?"

ರೇಡಿಯೊ ಅವನ ಮೀಸೆಯ ತುದಿ ಕತ್ತರಿಸಿ, ಉದುರಿದ್ದನ್ನು ಬ್ರಶ್ಶಿನಿಂದ ಒರೆಸಿ, "ಆಯ್ತು, ಏಳಿ," ಎಂದ.

ಸಭೆಗೆ ಹಿಂದಿನ ದಿನ ಊಟದ ಹೊತ್ತು. ಶಟರನ್ನು ಅರ್ಧ ಇಳಿಸಿ ರೇಡಿಯೊ ಬುತ್ತಿ ಮುಗಿಸಿ ಕೈ ತೊಳೆಯುತ್ತಿದ್ದ. ಶಟರಿನ ಕೆಳಗೆ ಎರಡು ಕಾಲು ಬಂದು ನಿಂತವು. ಅಂಟು ಬಗ್ಗಿ ಒಳಗೆ ಬಂದ. ತಲೆಯ ಮೇಲೆ ಅದೇ ಟೋಪಿ.

"ಭಾವ, ಊಟದ ಹೊತ್ತು ಅಂತ ಗೊತ್ತು. ನಾಳೆ ಸಭೆ. ತಲೆ ಮಾಡ್ತೀರಾ?"

ಬಂದಾ ದಾರಿಗೆ, ಎಂದುಕೊಂಡ ರೇಡಿಯೊ. ನಾಳೆ ನನ್ನನ್ನು ತನ್ನ ಪರ ನಿಲ್ಲಿಸಿಕೊಳ್ಳಲು ಬೆಣ್ಣೆ ಹಚ್ಚಲು ಬಂದಿದ್ದಾನೆ. "ಕೂತ್ಕೊ," ಎಂದ. ಬಿಳಿ ಬಟ್ಟೆ ಹೊದಿಸಿ ಕತ್ತಿನ ಹಿಂದೆ ಬೇಕಾದ್ದಕ್ಕಿಂತ ಒಂದಿಷ್ಟು ಬಿಗಿಯಾಗಿಯೇ ಕಟ್ಟಿದ. ಟೋಪಿ ತೆಗೆ ಎಂದು ಹೇಳಲಿಲ್ಲ. ಮೊದಲು ಕತ್ತಿನ ಹಿಂಬದಿಗೆ ನೊರೆ ಹಚ್ಚಿದ, ರೇಜರಿಗೆ ಹೊಸ ಬ್ಲೇಡು ಹಾಕಿದ.

ಇದರಲ್ಲಿ ಒಂದು ಲೆಕ್ಕಾಚಾರವಿತ್ತು. ಮುಖ ಸುಳ್ಳು ಹೇಳುತ್ತದೆ, ಕಣ್ಣೂ ಹೇಳುತ್ತದೆ, ಕತ್ತಿನ ಹಿಂಬದಿ ಹೇಳುವುದಿಲ್ಲ ಎಂಬುದು ಇಷ್ಟು ವರ್ಷ ತಲೆಗಳ ಹಿಂದೆ ನಿಂತು ಅವನು ಕಂಡುಕೊಂಡ ಸತ್ಯ. ಸುಳ್ಳು ಹೇಳುವವನ ಕತ್ತು ಬ್ಲೇಡಿನ ಕೆಳಗೆ ಬಿಗಿಯುತ್ತದೆ. ಹೆಂಡತಿಗೆ ಊರಿಗೆ ಹೋಗುತ್ತೇನೆಂದು ಹೇಳಿ ಬೇರೆಲ್ಲೋ ಹೊರಟವರನ್ನೆಲ್ಲ ಅವನು ಹೀಗೆಯೇ ಹಿಡಿದಿದ್ದ.

ಬ್ಲೇಡನ್ನು ಕತ್ತಿಗೆ ತಾಗಿಸಿ ನಿಲ್ಲಿಸಿದ.

"ಒಂದೇ ಮಾತು ಕೇಳ್ತೀನಿ. ಎಷ್ಟಕ್ಕೆ?"

"ಏನು ಎಷ್ಟಕ್ಕೆ?"

"ಮ್ಯಾಚು."

ರೇಡಿಯೊ ಕತ್ತನ್ನೇ ನೋಡುತ್ತಿದ್ದ. ಕತ್ತು ಬಿಗಿಯಲಿಲ್ಲ. ಅದು ಸಡಿಲಾಯಿತು. ಹೊತ್ತ ಮೂಟೆಯನ್ನು ಇಳಿಸಿದವನ ಹಾಗೆ ಅಂಟುವಿನ ಭುಜ ಎರಡೂ ಕೆಳಗಿಳಿದವು.

"ಕೊನೆಗೂ ಕೇಳಿದ್ರಲ್ಲ ಭಾವ," ಎಂದ. "ಊರು ಏನು ಅಂದ್ರೂ ತಡ್ಕೊಂಡೆ. ನೀವು ಏನೂ ಅನ್ನದೇ ಇರೋದು ತಡ್ಕೊಳ್ಳೋಕಾಗಲಿಲ್ಲ. ಟೋಪಿ ತೆಗೀರಿ."

ರೇಡಿಯೊ ಟೋಪಿ ತೆಗೆದ. ಸೆಮಿಫೈನಲ್ ಆದ ಮೇಲೆ ಕತ್ತರಿ ಕಾಣದ ಕೂದಲು ಬೆಳೆದು ಕಾಡಾಗಿತ್ತು, ಅದನ್ನು ಒಂದೇ ಕಡೆಗೆ ನೀರು ಹಾಕಿ ಬಾಚಿ ಮಲಗಿಸಿದ್ದರು. ಬಾಚಣಿಗೆ ಹಾಕಿದ. ನೆತ್ತಿಯ ಸ್ವಲ್ಪ ಹಿಂದೆ ಹಲ್ಲುಗಳು ಏನಕ್ಕೋ ತಡೆದವು. ಬೆರಳಿನಿಂದ ಕೂದಲು ಬಿಡಿಸಿ ನೋಡಿದರೆ ಬೆರಳುದ್ದದ ಗಾಯ, ಗಾಯದುದ್ದಕ್ಕೂ ಕಪ್ಪು ಹೊಲಿಗೆ. ಸುತ್ತಲಿನ ಚರ್ಮ ಇನ್ನೂ ಹಳದಿಗಟ್ಟಿತ್ತು.

"ಇದ್ಯಾವಾಗ?"

"ಫೈನಲ್ ಹಿಂದಿನ ದಿನ."

"ಯಾರು ಹೊಡೆದದ್ದು? ಆ ಕ್ಲಬ್ಬಿನವರಾ?" ಅನುಮಾನ ಅಷ್ಟು ಸುಲಭಕ್ಕೆ ಕೆಲಸ ಬಿಡುವುದಿಲ್ಲ ನೋಡಿ.

"ಕಪಾಟು."

"ಯಾವ ಕಪಾಟು?"

"ನಮ್ಮ ಅಡುಗೆಮನೆ ಕಪಾಟು. ಅವಳು ಸಕ್ಕರೆ ಡಬ್ಬಿ ತಗೊಂಡು ಬಾಗಿಲು ತೆರೆದೇ ಬಿಟ್ಟಿದ್ಳು. ನಾನು ಬಿದ್ದ ಚಮಚ ಎತ್ತೋಕೆ ಬಗ್ಗಿದೆ. ಎದ್ದೆ, ನೋಡಿ, ಬಾಗಿಲ ಮೂಲೆ ನೆತ್ತಿಗೇ."

ಪಕ್ಕದ ಊರಿನ ಡಾಕ್ಟರ ಹತ್ತಿರ ಗುಟ್ಟಾಗಿ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದರಂತೆ. ಆಡಲೇಬೇಡ, ಮಲಗಿರು ಎಂದಿದ್ದರಂತೆ ಡಾಕ್ಟರು. ಆದರೆ ತಂಡದ ಎರಡನೇ ಕೀಪರನ ಮಣಿಕಟ್ಟು ಆಗಲೇ ಮುರಿದು ಕೂತಿತ್ತು, ಬೇರೆ ಯಾರಿದ್ದರು? ಬಿಳಿ ಕಾರಿನಲ್ಲಿ ಕಪ್ಪು ಬ್ಯಾಗು ಹಿಡಿದು ಬಂದವರೂ ಅದೇ ಡಾಕ್ಟರು. ಫೈನಲ್ ಮುಗಿಸಿ ಬಂದವನು ವಾಂತಿ ಮಾಡಿಕೊಂಡು, ಬೆಳಕು ಕಂಡರೆ ತಲೆ ಹಿಡಿದುಕೊಳ್ಳುತ್ತಿದ್ದ.

"ಮೊದಲರ್ಧ ಚೆನ್ನಾಗೇ ಇತ್ತು ಭಾವ. ಆಮೇಲೆ ಎಲ್ಲ ಎರಡೆರಡು ಕಾಣೋಕೆ ಶುರುವಾಯ್ತು. ಆ ಚೆಂಡು ಬಂದಾಗಲೂ ಎರಡು ಬಂದ್ವು. ಒಂದನ್ನ ಹಿಡ್ದೆ." ಅವನು ಕನ್ನಡಿಯಲ್ಲಿ ತನ್ನ ಕೈಗಳನ್ನು ನೋಡಿಕೊಂಡ. "ನಾನು ಹಿಡಿದಿದ್ದು ಇನ್ನೊಂದನ್ನ."

ರೇಡಿಯೊ ರೇಜರನ್ನು ಕೆಳಗಿಟ್ಟ. "ಇದನ್ನ ಮೊದಲೇ ಬಾಯಿ ಬಿಟ್ಟು ಹೇಳೋಕೇನಾಗಿತ್ತು? ನಾಳೆ ಸಭೇಲಿ ಹೇಳು."

"ಹೇಳಲ್ಲ. ಹೇಗಾಯ್ತು ಅಂತ ಕೇಳ್ತಾರೆ. ಆಮೇಲೆ ಅವಳು ಈ ಊರಲ್ಲಿ ತಲೆಯೆತ್ತಿ ಓಡಾಡೋಕಾಗುತ್ತಾ? ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ, ಕಪ್ಪು ಕಳೆದವಳು ಇವಳೇ ಅಂತ ಬೆರಳು ತೋರಿಸ್ತಾರೆ. ಅದಕ್ಕಿಂತ ನನ್ನ ಮೇಲೇ ಇರಲಿ."

"ನನ್ನ ಹತ್ರ ಹೇಳಬಹುದಿತ್ತಲ್ಲ."

"ಅವಳು ಹೆದರಿದ್ದು ಊರಿಗಲ್ಲ ಭಾವ, ನಿಮಗೆ. ಅಣ್ಣನಿಗೆ ಮಾತ್ರ ಗೊತ್ತಾಗಬಾರದು ಅಂತ ಆಣೆ ಹಾಕಿಸ್ಕೊಂಡಿದ್ಳು. 'ಊರು ಬೈದು ಮರೆಯುತ್ತೆ, ಅಣ್ಣ ಬೈಯಲ್ಲ, ಮಾತು ಬಿಡ್ತಾನೆ. ಅಣ್ಣ ಮಾತು ಬಿಟ್ರೆ ನಾನು ಬದುಕಲ್ಲ' ಅಂದ್ಳು. ಇವತ್ತು ಆ ಆಣೆ ಮುರಿದು ಬಂದಿದ್ದೀನಿ. ಯಾಕಂದ್ರೆ ನೀವು ಮಾತು ಬಿಟ್ಟೇಬಿಟ್ರಿ. ಮ್ಯಾಚಿನ ರಾತ್ರಿ ನಾನು ಮನೆಗೆ ಬರೋ ಹೊತ್ತಿಗೆ ಆ ಬಾಗಿಲು ಇರಲಿಲ್ಲ. ಅವಳೇ ಸ್ಕ್ರೂ ಬಿಚ್ಚಿ ಕಿತ್ತು ಹಾಕಿದ್ಳು."

ರೇಡಿಯೊ ಗಿರಾಕಿಗಳ ಬೆಂಚಿನ ಮೇಲೆ ಕೂತ. ಆಗ ಅವನಿಗೆ ಅಳು ಬಂತು. ತಂಗಿಯನ್ನು ನೆನೆದು ಬಂತು, ಆ ಹೊಲಿಗೆ ಕಂಡು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಸೋಲಿಗೆ ಬಂತು. ಇಷ್ಟು ದಿನ, ಮ್ಯಾಚು ಮಾರಿಕೊಂಡಿದ್ದಾನೆ ಎಂದು ನಂಬಿದ್ದಷ್ಟು ದಿನ, ಮನಸ್ಸಿನ ಯಾವುದೋ ಮೂಲೆಯಲ್ಲಿ ಕಪ್ಪು ನಮ್ಮದೇ ಆಗಿತ್ತು. ಯಾರೋ ಕದ್ದಿದ್ದರು, ಅಷ್ಟೇ. ಈಗ ಕದ್ದವರು ಯಾರೂ ಇಲ್ಲ. ನಾವು ಸೋತಿದ್ದೇವೆ. ಇಡೀ ಊರು ಬಸ್ಸಿನಲ್ಲಿ ಅತ್ತು ಮುಗಿಸಿದ ಅಳುವನ್ನು ಅವನು ಒಬ್ಬನೇ ಅರ್ಧ ಇಳಿಸಿದ ಶಟರಿನ ಹಿಂದೆ ಕೂತು ಅತ್ತ. ಅಂಟು ಬಿಳಿ ಬಟ್ಟೆ ಹೊದ್ದು ಕುರ್ಚಿಯಲ್ಲೇ ಕೂತಿದ್ದ, ಕತ್ತಿನ ಮೇಲೆ ನೊರೆ ಒಣಗುತ್ತಿತ್ತು.

ಆಮೇಲೆ ರೇಡಿಯೊ ಎದ್ದು ಮುಖ ತೊಳೆದುಕೊಂಡು ಕತ್ತರಿ ಹಿಡಿದ. ಅವನ ಕೈಯಿಂದ ಅಷ್ಟು ಜಾಗ್ರತೆಯ ಕಟಿಂಗು ಹಿಂದೆ ಆಗಿರಲಿಲ್ಲ. ಸುತ್ತ ಸಣ್ಣಗೆ ಮಾಡಿ, ಗಾಯದ ಮೇಲಿನ ಕೂದಲನ್ನು ಉದ್ದವೇ ಬಿಟ್ಟು, ಯಾವ ಕಡೆಯಿಂದ ಗಾಳಿ ಬೀಸಿದರೂ ಹೊಲಿಗೆ ಕಾಣದ ಹಾಗೆ ಮಲಗಿಸಿದ. ಗಡ್ಡಕ್ಕೆ ನೊರೆ ಕಲಸಿಟ್ಟುಕೊಂಡು ಹೋಗಿ ಶಟರನ್ನು ಪೂರ್ತಿ ಎತ್ತಿದ.

ಶನಿವಾರದ ಗಿರಾಕಿಗಳು ಹೊರಗೆ ಕಾಯುತ್ತಿದ್ದರು. ಒಳಗೆ ಬಂದವರು ಕುರ್ಚಿಯಲ್ಲಿ ಯಾರೆಂದು ನೋಡಿ ಮಾತು ನಿಲ್ಲಿಸಿದರು. ನಿವೃತ್ತ ಡ್ರೈವರ್ ಪೇಪರ್ ಮಡಚಿಟ್ಟ. ಕಾರ್ಯದರ್ಶಿಯೂ ಬಾಗಿಲಲ್ಲಿ ಬಂದು ನಿಂತ.

ರೇಡಿಯೊ ಗಂಟಲು ಸರಿಮಾಡಿಕೊಂಡ.

"ಎಲ್ಲ ಇದ್ದೀರಲ್ಲ, ಕೇಳಿ. ಒಂದು ವಾರದಿಂದ ನಾನ್ಯಾಕೆ ಮಾತಾಡಲಿಲ್ಲ ಗೊತ್ತಾ? ನಾಚಿಕೆಗೆ. ಫೈನಲ್ ಹಿಂದಿನ ದಿನ ಇವನ ಮನೆಗೆ ಹೋಗಿ ತಲೆ ಮಾಡಿದೆ ಅಂದಿದ್ನಲ್ಲ, ಅವತ್ತು ಒಂದು ಹೊಸ ಎಣ್ಣೆ ಹಚ್ಚಿದೆ. ಅದೃಷ್ಟಕ್ಕೆ ಅಂತ. ಸುಮ್ಮನೆ ಅಲ್ಲ, ಸುರಿದು ಹಚ್ಚಿದೆ. ಮೇಲೆ ಟೋಪಿ ಹಾಕ್ಕೊಂಡು ಹೋಗು ಅಂದವನೂ ನಾನೇ. ಬಿಸಿಲಿಗೆ ಬೆವರು ಬಂತು, ಎಣ್ಣೆ ಕರಗಿ ಕಣ್ಣಿಗಿಳೀತು. ಇವನಿಗೆ ಚೆಂಡೇ ಕಾಣಿಸಲಿಲ್ಲ."

ಅಂಟು ಗಾಬರಿಯಿಂದ ಬಾಯಿ ತೆರೆದ. ತೆರೆಯುವಷ್ಟರಲ್ಲಿ ನೊರೆಯ ಬ್ರಶ್ಶು ಬಂದು ತುಟಿಯ ಮೇಲೆ ಕೂತಿತು.

"ಅಲ್ಲಾಡಬೇಡ, ಬ್ಲೇಡ್ ತಾಗುತ್ತೆ," ಎಂದು ಗದರಿ ರೇಡಿಯೊ ಮುಂದುವರಿಸಿದ. "ಇವನು ನನ್ನ ಹೆಸರು ಹೇಳಲಿಲ್ಲ. ಭಾವನ ಮರ್ಯಾದೆ ಅಂತ ಎಲ್ಲ ನುಂಗಿಕೊಂಡ. ಇಂಥವನ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದವನ್ಯಾರೋ, ಅವನು ಬಂದು ನನ್ನ ಶಟರ್ ಮೇಲೆ ಬರೀಲಿ."

ಊರು ಯೋಚಿಸಿತು. ಫೋನಿನಲ್ಲಿ ಮತ್ತೆ ಮತ್ತೆ ನೋಡಿದ ಮ್ಯಾಚಿನ ವಿಡಿಯೊದಲ್ಲಿ ಅಂಟು ಕಣ್ಣು ಒರೆಸಿಕೊಂಡದ್ದು ಹೌದು. ಟೋಪಿ ಇದ್ದದ್ದು ಹೌದು. ರೇಡಿಯೊ ಒಂದು ವಾರ ಬಾಯಿ ಮುಚ್ಚಿದ್ದು ಇಡೀ ಊರಿಗೆ ಗೊತ್ತಿದ್ದದ್ದೇ. ಎಲ್ಲ ತಾಳೆಯಾಯಿತು. ಮೊದಲು ಬಾಯಿ ಬಿಟ್ಟವನು ಡ್ರೈವರ್.

"ಅಲ್ಲಯ್ಯಾ, ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯಬೇಕಾದವನಿಗೆ ನೀನು ನಿಜವಾಗ್ಲೂ ಎಣ್ಣೆ ಬಿಟ್ಟೆಯಾ?"

ಒಂದಿಬ್ಬರು ನಕ್ಕರು. ಉಳಿದವರಿಗೆ ನಗು ಬರಲಿಲ್ಲ. ದರ್ಜಿ, ತಲೆ ಮಾಡಿಸಿಕೊಳ್ಳಲು ಬಂದವನು, ಹಾಗೆಯೇ ಎದ್ದು ಹೋದ. ಇನ್ನೊಬ್ಬ ಹೊಸಿಲು ದಾಟಿ ಹೊರಗೆ ಉಗಿದ. ಕಾರ್ಯದರ್ಶಿ ಮೀಸೆ ನೀವುತ್ತ, "ಇದನ್ನ ನಾಳೆ ಸಭೇಲೂ ಹೇಳ್ತೀ ತಾನೇ?" ಎಂದ.

"ಮೈಕ್ ಕೊಟ್ರೆ ಮೈಕಲ್ಲೇ ಹೇಳ್ತೀನಿ."

ಹೇಳಿದ. ಸಭೆ ಅಂಟುವಿನ ಬೆನ್ನು ತಟ್ಟಿ ಕಳಿಸಿತು. ರೇಡಿಯೊನ ಕೈಯಿಂದ ಬಾವುಟ ತೆಗೆದುಕೊಳ್ಳಬೇಕೆಂದು ತೀರ್ಮಾನ ಮಾಡಿತು. ಅವನು ಅದನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ಕೊಟ್ಟು ಬಂದ. ಗಿರಾಕಿಗಳಲ್ಲಿ ಅರ್ಧ ಜನ ಡಿಪೊ ಗೇಟಿನ ಹತ್ತಿರದ ಹೊಸ ಅಂಗಡಿಗೆ ಹೋದರು. ಉಳಿದವರು ಕುರ್ಚಿಯಲ್ಲಿ ಕೂತ ತಕ್ಷಣ "ಎಣ್ಣೆ ಮಾತ್ರ ಬೇಡಪ್ಪ" ಎನ್ನುತ್ತಿದ್ದರು. ರೇಡಿಯೊ ಎಂಬ ಹೆಸರು ಹೋಯಿತು, ಎಣ್ಣೆ ಎಂಬ ಹೆಸರು ಬಂತು. ಅದು ಅವನಿಗೆ ನೋಯುತ್ತಿರಲಿಲ್ಲವೆಂದಲ್ಲ. ಬಾವುಟವಿಲ್ಲದೆ ಹೊರಟ ಬಸ್ಸನ್ನು ಅಂಗಡಿಯ ಒಳಗಿನಿಂದ ನೋಡುವಾಗ ಚೆನ್ನಾಗಿಯೇ ನೋಯುತ್ತಿತ್ತು.

ಒಂದು ಮಧ್ಯಾಹ್ನ ತಂಗಿ ಬಂದಳು. ಗಂಡಸರ ಕಟಿಂಗ್ ಶಾಪಿಗೆ ದೊಡ್ಡವಳಾದ ಮೇಲೆ ಅವಳು ಕಾಲಿಟ್ಟಿರಲಿಲ್ಲ. ಗಿರಾಕಿ ಯಾರೂ ಇರಲಿಲ್ಲ. ಬಂದವಳು ಬಾಗಿಲಲ್ಲೇ ನಿಂತಳು.

"ಅಣ್ಣ, ಆ ವಾರ ನೀನು ಅವರ ತಲೆ ಮುಟ್ಟೇ ಇರಲಿಲ್ಲ."

"ಹೌದಾ? ನನಗೆ ನೆನಪಿಲ್ಲ."

"ಬಾವುಟ ಕಿತ್ಕೊಂಡ್ರಂತೆ."

"ಹಿಡಿದೂ ಹಿಡಿದೂ ಭುಜ ನೋಯ್ತಿತ್ತು. ಒಳ್ಳೇದೇ ಆಯ್ತು."

ಅವಳು ಬಂದು ಚಿಕ್ಕಂದಿನಲ್ಲಿ ಕೂರುತ್ತಿದ್ದ ಕುರ್ಚಿಯಲ್ಲಿ ಕೂತಳು, ಕನ್ನಡಿಯಲ್ಲಿ ಅವನನ್ನು ನೋಡಲು ಹೋಗಿ ಆಗದೆ ತಲೆ ತಗ್ಗಿಸಿದಳು. ಅವನು ಅವಳ ಹಿಂದೆ ನಿಂತ. ಕತ್ತು ಕಟ್ಟಿಗೆಯಂತೆ ಬಿಗಿದಿತ್ತು. ಬಾಚಣಿಗೆ ತೆಗೆದುಕೊಂಡು ಕೂದಲು ಬಾಚತೊಡಗಿದ. ಬಾಚುತ್ತ ಬಾಚುತ್ತ, ಗೇಟಿನ ಹತ್ತಿರದ ಹೊಸ ಅಂಗಡಿಯವನಿಗೆ ಕತ್ತರಿ ಹಿಡಿಯಲು ಬರುವುದಿಲ್ಲವೆಂದೂ, ಮುಂದಿನ ವರ್ಷ ಮುಂದಿನ ಸಾಲಿನ ಆಟಗಾರರನ್ನು ಬದಲಿಸದಿದ್ದರೆ ಡಿಪೊ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಬೇಕೆಂದೂ ಮಾತು ಶುರುಮಾಡಿದ. ನಿಲ್ಲಿಸದೆ ಮಾತಾಡಿದ. ಅವಳು ಅಳುತ್ತಲೇ ಕೇಳಿಸಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಕತ್ತು ಸಡಿಲವಾದದ್ದು ಅವನಿಗೆ ತಿಳಿಯಿತು.

"ಆ ಬಾಗಿಲು ಎಲ್ಲಿಟ್ಟಿದ್ದೀಯ?" ಎಂದು ಕೇಳಿದ.

"ಮಂಚದ ಕೆಳಗೆ. ಅದು ಬೇಡ ಅಣ್ಣ, ಅದರ ಮುಖ ನೋಡೋಕಾಗಲ್ಲ ನನಗೆ."

"ರಜೆ ದಿನ ಬಂದು ಹಾಕಿಕೊಡ್ತೀನಿ, ಡಬ್ಬಿಗೆಲ್ಲ ಧೂಳು ಕೂತಿರುತ್ತೆ. ಪಾಪ, ಅದೇನು ಮ್ಯಾಚ್ ಮಾರ್ಕೊಂಡಿದ್ಯಾ?"